ಚಂದ್ರನ ಹೆಸರಲ್ಲಿ ಅರ್ಧ ಲೋಟ ನೀರು

1999ರ ಜುಲೈ ಕೊನೆಯ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಒಂಬತ್ತನೇ ತರಗತಿಯ ಎಂಟು ಹುಡುಗಿಯರನ್ನು ಕರೆದುಕೊಂಡು ಶಿವಮೊಗ್ಗದ ಬಸ್ ನಿಲ್ದಾಣಕ್ಕೆ ಬಂದಾಗ ಮಳೆ ಜಡಿಯುತ್ತಿತ್ತು. ಭದ್ರಾವತಿಗೆ ಹದಿನೆಂಟು ಕಿಲೋಮೀಟರ್, ತಲೆಗೆ ಆರು ರೂಪಾಯಿ. ಕಂಡಕ್ಟರ್ ಹುಡುಗಿಯರ ತಲೆ ಎಣಿಸಿ ಟಿಕೆಟ್ ಹರಿದರು. ನಾನು ಎಣಿಸಲಿಲ್ಲ. ನನ್ನ ಕಣ್ಣೆಲ್ಲ ಕೈಗಡಿಯಾರದ ಮೇಲಿತ್ತು.

ಒಂದೂವರೆ ವರ್ಷದಿಂದ ಚಂದ್ರನನ್ನು ಸುತ್ತುತ್ತಿದ್ದ ನೌಕೆಯೊಂದನ್ನು ಆ ಮಧ್ಯಾಹ್ನ ಮೂರು ಇಪ್ಪತ್ತೆರಡಕ್ಕೆ ವಿಜ್ಞಾನಿಗಳು ಬೇಕೆಂದೇ ಚಂದ್ರನಿಗೆ ಅಪ್ಪಳಿಸುವವರಿದ್ದರು. ದಕ್ಷಿಣ ಧ್ರುವದ ಹತ್ತಿರ, ಬಿಸಿಲನ್ನೇ ಕಾಣದ ಒಂದು ಕುಳಿ ಅದರ ಗುರಿ. ಒಳಗೆ ಮನುಷ್ಯರಿಲ್ಲ, ಬರೀ ಯಂತ್ರ. ಕುಳಿಯಲ್ಲಿ ಹಿಮವಿದ್ದರೆ ಹೊಡೆತಕ್ಕೆ ಆವಿ ಏಳುತ್ತದೆ, ಭೂಮಿಯ ದುರ್ಬೀನುಗಳಿಗೆ ಕಾಣುತ್ತದೆ ಎಂಬ ನಿರೀಕ್ಷೆ. ತರಗತಿಯಲ್ಲಿ ನಾನು ಹೇಳಿದ್ದು ಹೆಡ್‌ಮಾಸ್ಟರ ಕಿವಿಗೂ ಬಿತ್ತು. "ಏನ್ ಮಾರಾಯ್ತಿ, ಚಂದ್ರ ಏನು ಎಳನೀರಾ, ಕೊಚ್ಚಿದ ತಕ್ಷಣ ನೀರು ಚಿಮ್ಮೋಕೆ?" ಎಂದು ಎಲ್ಲರೆದುರು ನಗಾಡಿದರು. ನನಗೋ ಮೂಗಿನ ತುದಿಯಲ್ಲೇ ಕೋಪ. "ಹೊಡೆದರೆ ನೀರು ಹೇಗೆ ಗೊತ್ತಾಗುತ್ತೆ ಅಂತ ಸೋಮವಾರ ಮಕ್ಕಳೇ ನಿಮಗೆ ಹೇಳ್ತಾರೆ ಸಾರ್" ಎಂದುಬಿಟ್ಟೆ.

ಅದಕ್ಕೇ ಈ ಪ್ರಯಾಣ. ನಮ್ಮ ಶಾಲೆಯ ಗೇಟಿಗೆ ಎರಕದ ಹೂಗಳನ್ನು ಮಾಡಿಕೊಟ್ಟ ಮುರುಗೇಶ ಮೇಸ್ತ್ರಿ ಭದ್ರಾವತಿಯಲ್ಲಿ ಪುಟ್ಟ ಎರಕದ ಶೆಡ್ಡು ಇಟ್ಟಿದ್ದರು. ಕಾದ ಲೋಹ ಒದ್ದೆ ಮರಳಿಗೆ ಬಿದ್ದರೆ ಹಬೆ ಏಳುವುದನ್ನು ತೋರಿಸುತ್ತೇನೆಂದು ಒಪ್ಪಿದ್ದರು.

ಮಲವಗೊಪ್ಪದಲ್ಲಿ ಬಸ್ಸಿನ ಚಕ್ರ ಪಂಕ್ಚರ್ ಆಗಿ ಮುಕ್ಕಾಲು ಗಂಟೆ ಹೋಯಿತು. ಹುಡುಗಿಯರು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದರು; ನಾನು ಡಬ್ಬಿ ಬಿಚ್ಚದೆ ಗಡಿಯಾರ ನೋಡುತ್ತಿದ್ದೆ. ಭದ್ರಾವತಿಯಲ್ಲಿ ಇಳಿದು ಸೇತುವೆ ದಾಟುವಾಗ ಕೆಂಪಾಗಿ ಉಕ್ಕುತ್ತಿದ್ದ ಹೊಳೆಯನ್ನು ನೋಡುತ್ತ ನಿಂತವರನ್ನು ಗದರಿಸಿ ಓಡಿಸಿದೆ. ಶೆಡ್ಡು ತಲುಪಿದಾಗ ಮೂರು ಗಂಟೆಗೆ ಹತ್ತು ನಿಮಿಷವಿತ್ತು.

ಮೇಸ್ತ್ರಿ ಹುಡುಗಿಯರನ್ನು ಎಂಟು ಹೆಜ್ಜೆ ದೂರದಲ್ಲಿ ನಿಲ್ಲಿಸಿದರು. ಮರಳನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ, ಉಂಡೆಯನ್ನು ಮುರಿದು ತೋರಿಸಿದರು. "ಹಿಂಗೆ ಎರಡೇ ತುಂಡಾದ್ರೆ ಹದ ಸರಿ ಅಂತ ಲೆಕ್ಕ. ನೀರು ಜಾಸ್ತಿ ಆದ್ರೆ ಲೋಹಾನೇ ವಾಪಸ್ ಹಾರುತ್ತೆ. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ. ಹುಯ್ಯೋ ಮುಂಚೆ ನಾನು 'ನೀರು?' ಅಂತ ಮೂರು ಸಲ ಕೇಳ್ತೀನಿ. ಸುತ್ತ ಇರೋರು 'ಇಲ್ಲ' ಅನ್ನಬೇಕು. ಮೂರು ಸಲಾನೂ."

ಪರೀಕ್ಷೆಗೆಂದು ನೆಲದ ಮರಳಿನ ಮೇಲೆ ಒಂದು ಸಟ್ಟುಗ ಕರಗಿದ ಅಲ್ಯೂಮಿನಿಯಂ ಹುಯ್ದರು. ಕಾಫಿ ಲೋಟದ ಮೇಲೆ ಏಳುವಷ್ಟೂ ಹಬೆ ಬರಲಿಲ್ಲ. "ಎಲ್ಲಿ ಟೀಚರ್?" ಎಂದಳು ಮುಂದೆ ನಿಂತಿದ್ದ ಶೈಲಾ.

ಹೆಡ್‌ಮಾಸ್ಟರ ನಗು ಕಿವಿಯಲ್ಲೇ ಕೇಳಿಸಿದಂತಾಯಿತು. ಮೇಸ್ತ್ರಿ ಲೋಹ ಕರಗಿಸಿದ ದೊಡ್ಡ ಮೂಸೆ ತರಲು ಕುಲುಮೆಯ ಕಡೆ ತಿರುಗಿದರು. ಹುಡುಗಿಯರು ಬೆಂಕಿ ನೋಡುತ್ತಿದ್ದರು. ನಾನು ಚೀಲದಿಂದ ನೀರಿನ ಬಾಟಲಿ ತೆಗೆದು ಅವರು ಮುಂದೆ ಹುಯ್ಯಬೇಕಿದ್ದ ಮರಳಿನ ಅಚ್ಚಿನೊಳಗೆ ಅರ್ಧ ಲೋಟದಷ್ಟು ಸುರಿದುಬಿಟ್ಟೆ. ಮರಳು ಅದನ್ನು ಕುಡಿದೇಬಿಟ್ಟಿತು. ಮೇಲೆ ಏನೂ ಕಾಣಲಿಲ್ಲ. ಸ್ವಲ್ಪ ಹಬೆ ಹೆಚ್ಚು ಬರುತ್ತದೆ, ಅಷ್ಟೇ ತಾನೆ ಎಂದುಕೊಂಡೆ. ಮೇಸ್ತ್ರಿ ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮೂರು ಇಪ್ಪತ್ತೊಂದು. ಮೇಸ್ತ್ರಿ ಇಕ್ಕಳದಲ್ಲಿ ಮೂಸೆ ಹಿಡಿದು ಅಚ್ಚಿನ ಮುಂದೆ ನಿಂತರು.

"ನೀರು?"

"ಇಲ್ಲ!" ಎಂಟೂ ಜನ ಖುಷಿಯಿಂದ ಕೂಗಿದರು.

ಆಗ ತಲೆಗೆ ಹೋಯಿತು. ಮೇಸ್ತ್ರಿಯ ಕಾಲಲ್ಲಿ ಹಳೇ ಚಪ್ಪಲಿ. ಶೈಲಾ ಆಗಲೇ ಎರಡು ಹೆಜ್ಜೆ ಮುಂದೆ ಬಂದಿದ್ದಳು.

"ನೀರು?"

"ಇಲ್ಲ!"

ಈಗಲೂ ಬರೆಯಲು ನಾಚಿಕೆಯಾಗುತ್ತದೆ: ಆ ಹೊತ್ತಿನಲ್ಲೂ ಈ ಮಕ್ಕಳ ಮುಂದೆ ನನ್ನ ಮಾನ ಏನಾದೀತು ಎಂದು ಯೋಚಿಸಿದೆ.

"ನೀರು?"

"ಇದೆ!" ಎಂದು ಕಿರುಚಿದೆ. "ಇದೆ ಮೇಸ್ತ್ರಿ, ಹುಯ್ಯಬೇಡಿ! ನಾನೇ ಹಾಕಿದೀನಿ!"

ಬಗ್ಗುತ್ತಿದ್ದ ಮೂಸೆ ನಿಂತಿತು. ಮೇಸ್ತ್ರಿ ಹಿಂದೆ ಸರಿದು ಅದನ್ನು ಕುಲುಮೆಯ ಪಕ್ಕ ಇಳಿಸಿದರು. ಅಚ್ಚಿನ ಮರಳನ್ನು ಹಿಡಿದು ಹಿಸುಕಿದರು. ಬೆರಳುಗಳ ಸಂದಿನಿಂದ ನೀರು ಇಳಿಯಿತು.

"ಎಷ್ಟು ಹಾಕಿದ್ರಿ?"

"ಅರ್ಧ ಲೋಟ."

ಅವರು ಬೈಯಲಿಲ್ಲ. "ನಮ್ಮ ತಮ್ಮ ಹುಯ್ದಾಗ ಅಚ್ಚಲ್ಲಿ ಅಷ್ಟೂ ನೀರಿರಲಿಲ್ಲ ಟೀಚರಮ್ಮ" ಎಂದರು. "ಎರಡು ಕಣ್ಣೂ ಹೋಯ್ತು. ಆಮೇಲೆ ಶುರು ಮಾಡಿದ್ದು ಮೂರು ಸಲ ಕೇಳೋದನ್ನ."

ಗಡಿಯಾರ ನೋಡಿದಾಗ ಮೂರು ಇಪ್ಪತ್ತಾರು. ಚಂದ್ರನ ಮೇಲೆ ನಡೆಯಬೇಕಾಗಿದ್ದು ನಡೆದುಹೋಗಿತ್ತು. ಏನಾದರೂ ಹೇಳಬೇಕಲ್ಲ ಎಂದು ಅದನ್ನೇ ಹೇಳಿದೆ.

"ಅದು ಬೀಳೋ ಜಾಗದಲ್ಲಿ ಜನ ಯಾರೂ ಇಲ್ವಾ?" ಎಂದು ಮೇಸ್ತ್ರಿ ಕೇಳಿದರು.

"ಯಾರೂ ಇಲ್ಲ."

"ಹಾಗಾದ್ರೆ ಬೀಳ್ಲಿ ಬಿಡಿ. ನೀರು ಇದ್ರೂ ಪರವಾಗಿಲ್ಲ." ಹಾಗೆಂದು ಒದ್ದೆ ಅಚ್ಚನ್ನು ಸಲಿಕೆಯಿಂದ ಒಡೆದು ಹಾಕಿದರು. ಹುಡುಗಿಯರಿಗೆ ಟೀ ತರಿಸಿದರು.

ಆವಿ ಕಾಣಲಿಲ್ಲವೆಂದು ಆಮೇಲೆ ಪತ್ರಿಕೆಯಲ್ಲಿ ಬಂತು. ಹೆಡ್‌ಮಾಸ್ಟರಿಗೆ ನಗಲು ಅದೂ ಸಿಕ್ಕಿತು. ನಾನು ಪಾಠದ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದೆ.

ಆ ಸಂಜೆ ಐದರ ಬಸ್ಸು ಖಾಲಿ ಇತ್ತು. ಹಿಂದಿನ ಸೀಟಿನಲ್ಲಿ ಕೂತೆ, ಎಲ್ಲರೂ ಕಾಣಲಿ ಎಂದು. ಶೈಲಾ ಎದ್ದು ಬಂದು ಪಕ್ಕದಲ್ಲಿ ಕೂತಳು. "ಟೀಚರ್, ನಾವು 'ಇಲ್ಲ' ಅಂದ್ವಲ್ಲ, ನಮಗೆ ಗೊತ್ತೇ ಇರ್ಲಿಲ್ಲ" ಎಂದಳು. ತಪ್ಪು ತನ್ನದೇ ಎಂಬಂತೆ ಅವಳ ಕಣ್ಣು ತುಂಬಿತ್ತು.

"ಗೊತ್ತಿದ್ದವಳು ನಾನೊಬ್ಬಳೇ ಕಣೇ" ಎಂದೆ.

ಮಲವಗೊಪ್ಪ ದಾಟುವಷ್ಟರಲ್ಲಿ ಅವರ ತಲೆಗಳನ್ನು ಮೂರು ಸಲ ಎಣಿಸಿದೆ. ಮೂರು ಸಲವೂ ಎಂಟು.