ದೀಪದಡಿ ಹೊಳೆದ ಹಳದಿ ಮಾತ್ರೆ

ಎಪ್ಪತ್ತರ ದಶಕದ ಕೊನೆಗೆ ಪಂಪ್‌ವೆಲ್ ಹತ್ತಿರದ ಸಣ್ಣ ಮಾತ್ರೆ ಕಾರ್ಖಾನೆಯೊಂದರಲ್ಲಿ ನಾನು ಕೆಮಿಸ್ಟ್ ಆಗಿ ಸೇರಿದ್ದೆ. ವಿಟಮಿನ್ ಬಿ-ಟೂ ಬೆರೆತ ಹಳದಿ ಮಾತ್ರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಮೂಲೆಯಲ್ಲಿಟ್ಟು, ಅಲ್ಟ್ರಾವಯೊಲೆಟ್ ದೀಪದಡಿ ಫೋಟೋ ತೆಗೆಯುವುದು ನನ್ನದೇ ಹುಚ್ಚು. ಆ ಬೆಳಕಿಗೆ ವಿಟಮಿನ್ ಹೊಳೆಯುತ್ತದೆ. ಮಾತ್ರೆಯ ಮೈಯೆಲ್ಲ ಒಂದೇ ಸಮನೆ ಹೊಳೆದರೆ ಪುಡಿ ಸರಿಯಾಗಿ ಬೆರೆತಿದೆ. ಚುಕ್ಕೆ ಚುಕ್ಕೆಯಾಗಿ ಕಂಡರೆ ಇಲ್ಲ.

ಆ ಸಲ ಸ್ಟುಡಿಯೋದಿಂದ ಬಂದ ಪ್ರಿಂಟುಗಳ ತುಂಬ ಬಿಳಿ ಚುಕ್ಕೆ. ತಡೆದುಕೊಳ್ಳಲಾಗದೆ ಕಾರ್ಖಾನೆಯ ಧಣಿಗಳ ಮೇಜಿನ ಮೇಲೆ ಹರಡಿ, ಕಾನ್ವೆಂಟಿನ ಇಂಗ್ಲಿಷಿನಲ್ಲಿ "ಪೂರ್ ಮಿಕ್ಸಿಂಗ್, ಸರ್" ಎಂದುಬಿಟ್ಟೆ.

ಪುಡಿ ಬೆರೆಸುತ್ತಿದ್ದವರು ಕುದ್ರೋಳಿಯ ಹಿರಿಯ ಬ್ಯಾರಿ ಮುಸ್ಲಿಮರೊಬ್ಬರು, ಎಲ್ಲರಿಗೂ ಕಾಕಾ. ಧಣಿಗಳು ಕರೆಸಿ, "ಕಣ್ಣು ಮಂಜಾಯ್ತಾ ನಿಮಗೆ? ನಾಳೆಯಿಂದ ಬರುವುದು ಬೇಡ" ಎಂದರು.

ಕಾಕಾ ಫೋಟೋವನ್ನು ತಿರುಗಿಸಿ ನೋಡಿ, "ಇದೆಂತ ಮೇಡಂ, ಚಂದ್ರನಾ? ಅಲ್ಲಿಗೆ ಬೆರೆಸ್ಲಿಕ್ಕೆ ನಾನು ಹೋಗ್ಲಿಲ್ಲ ಮಾರಾಯ್ರೆ" ಎಂದರು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅದೇ ಬ್ಯಾಚಿನ ಹೊಸ ಮಾತ್ರೆ ಹಿಡಿದು ಮತ್ತೆ ದೀಪ ಹಾಕಿದೆ. ಮಾತ್ರೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ನನ್ನ ಬೆರಳ ತುದಿಗಳೇ ಹೊಳೆದವು. ಅರಿಶಿನ! ದಿನವೂ ಬೆಳಿಗ್ಗೆ ಉರ್ವದ ಮನೆಯಲ್ಲಿ ಮೀನಿಗೆ ಉಪ್ಪು, ಅರಿಶಿನ ಸವರಿಟ್ಟು ಸಿಟಿ ಬಸ್ಸಿಗೆ ಓಡುವವಳು ನಾನು. ಹಳದಿ ಮಾತ್ರೆಯ ಮೇಲೆ ಆ ಕಲೆ ಹಗಲಿಗೆ ಕಾಣುವುದೆಲ್ಲಿ? ಚಿಮಟ ಇತ್ತು, ಆ ಸಲ ಅವಸರಕ್ಕೆ ಕೈಯಲ್ಲೇ ಎತ್ತಿದ್ದೆ. ಈಗ ಚಿಮಟದಲ್ಲಿ ಇನ್ನೊಂದನ್ನು ಎತ್ತಿಟ್ಟೆ. ಒಂದೇ ಒಂದು ಚುಕ್ಕೆಯಿಲ್ಲ.

ನನ್ನ ಪ್ರೊಬೇಷನ್ ಮುಗಿದಿರಲಿಲ್ಲ. ಸುಮ್ಮನಿದ್ದುಬಿಡಲೇ ಎಂದು ಎರಡು ಸಲ ಧಣಿಗಳ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಕಿಟಕಿಯಲ್ಲಿ ಕಾಕಾ ಬುತ್ತಿ ಹಿಡಿದು ಗೇಟಿನತ್ತ ಹೋಗುವುದು ಕಂಡಿತು. ಓಡಿದೆ. ಅವರನ್ನೂ ಧಣಿಗಳನ್ನೂ ಕಪ್ಪು ಬಟ್ಟೆಯೊಳಗೆ ಕರೆತಂದು, ದೀಪದಡಿ ಕೈ ಚಾಚಿ, ಬೆಳಿಗ್ಗೆ ಮೀನಿಗೆ ಸವರಿದ ಅರಿಶಿನದ ಕಥೆ ಹೇಳಿದೆ.

"ಎಂತ ಮೀನು ಮೇಡಂ?" ಕಾಕಾ ಕೇಳಿದರು.

"ಬಂಗುಡೆ."

"ಬಂಗುಡೆಗೆ ಇಷ್ಟು ಅರಿಶಿನ ಯಾರು ಹಾಕ್ತಾರೆ!"

ಧಣಿಗಳು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, "ಹೋಗಿ ಕಾಕಾ, ಮೆಷಿನ್ ಖಾಲಿ ಉಂಟು, ಪುಡಿ ಹಾಕಿ" ಎಂದರು.

ಸಾರಿ ಎನ್ನುವುದು ನನ್ನ ನಾಲಗೆಗೆ ಎಷ್ಟು ಸಲೀಸು! ಆ ದಿನ ಮಾತ್ರ ಬರಲಿಲ್ಲ. ಆಮೇಲೆ ಪ್ರತಿ ಬ್ಯಾಚಿಗೂ ಕಾಕಾ ಬಂದು, "ಮೊದಲು ಕೈ ತೋರಿಸಿ" ಎನ್ನುತ್ತಿದ್ದರು. ಶಾಲೆಯ ಹುಡುಗಿಯ ಹಾಗೆ, ಹತ್ತೂ ಬೆರಳು ಬಿಡಿಸಿ ತೋರಿಸುತ್ತಿದ್ದೆ.