ಸ್ಕಾಟ್ಲೆಂಡಿನ ಅಜ್ಜಿ ಹುಡುಕಿದ ತೂತು

ನಾವು ನೆಲೆಸಿರುವ ಪರದೇಶದ ಊರು ಯೂನಿಯನ್‌ವಿಲ್‌ನ ಸಂತೆಯಲ್ಲಿ, ನಮ್ಮ ಸ್ಟಾಲಿನ ಮುಂದೆ, ಸ್ಕಾಟ್ಲೆಂಡಿನ ಅಜ್ಜಿಯೊಬ್ಬಳು ತನ್ನ ಹಳೇ ಸ್ವೆಟರನ್ನು ಒಳಹೊರಗು ತಿರುವಿ ಬಿಸಿಲಿಗೆ ಹಿಡಿದಳು. ಅವಳ ತಾಯಿ ಹೆಣೆದದ್ದು. ಮೊಣಕೈ ತೂತಾಗಿದೆಯೆಂದು ಸರಿಮಾಡಲು ನಮಗೆ ಕೊಟ್ಟಿದ್ದಳು. ಅವಳ ದೇಶದ ಉಣ್ಣೆ ತರಿಸಿ ಸ್ವೆಟರ್ ಹೆಣೆದು ಮಾರುವುದು, ಹರಿದದ್ದನ್ನು ಸರಿಮಾಡುವುದು ನಮ್ಮ ಮನೆಯವರ ಕಸುಬು.

"ಅತ್ತೆ, ಮಿಸ್ಟೇಕ್ ಕಂಡ್ರೆ ಸಂತೆಗೆಲ್ಲಾ ಸಾರ್ತಾಳೆ. ನಮ್ಮ ಸ್ಟಾಲ್ ಕಥೆ ಮುಗೀತು" ಎಂದಳು ನನ್ನ ಸೊಸೆ.

"ಸುಮ್ನಿರೇ, ಹುಡುಕ್ಲಿ" ಎಂದೆ.

ಹೊಸ ನೂಲಿನ ಬಣ್ಣ ಹಳೆಯದಕ್ಕೆ ಹೊಂದುವುದಿಲ್ಲ. ಅದಕ್ಕೇ ಸ್ವೆಟರಿನ ಕೆಳಗಿನ ಅಂಚು ಬಿಚ್ಚಿ, ಆ ಎಳೆಯಿಂದಲೇ ಮೊಣಕೈ ಹೆಣೆದಿದ್ದೆ. ಅಂಚಿಗೆ ಹೊಸ ನೂಲು ಹಾಕಿದ್ದೆ; ಅಲ್ಲಿ ಬಣ್ಣ ಬೇರೆಯಾದರೂ ಪಟ್ಟಿಯಂತೆ ಒಪ್ಪುತ್ತದೆ.

ಕೊನೆಗೆ "ತೂತೆಲ್ಲಿ?" ಎಂದು ಅಜ್ಜಿ ನನ್ನನ್ನೇ ಕೇಳಿದಳು. ಸ್ವೆಟರ್ ತೊಟ್ಟು ನಮ್ಮ ಸ್ಟಾಲಿನಲ್ಲೇ ನಿಂತು, ಬಂದವರಿಗೆಲ್ಲ ಮೊಣಕೈ ಚಾಚಿ ತೋರಿಸಿದಳು.

ಅವತ್ತು ತಂದ ಸ್ವೆಟರೆಲ್ಲ ಮಾರಿ ಖಾಲಿ ಪೆಟ್ಟಿಗೆ ಹೊತ್ತು ಮನೆಗೆ ಬಂದೆವು. ಈಗ ಹರಿದ ಸ್ವೆಟರ್ ತರುವವರೂ ಸಾಲುಗಟ್ಟುತ್ತಾರೆ. ತರಲಿ.