ಯಾರ ಜೋಡಿ ಮಾತಾಡಾಕತ್ತಾರ?

ಕನ್ನಡಕ ತೆಗೆದರೆ ಅವರ ಮೂಗಿನ ಎರಡೂ ಪಕ್ಕದಲ್ಲಿ ಕೆಂಪಗೆ ಒತ್ತಿದ ಗುರುತು ಕಾಣುತ್ತಿತ್ತು. ಯಾವುದನ್ನಾದರೂ ಗಮನವಿಟ್ಟು ಕೇಳಬೇಕಾದಾಗ ಮೇಡಂ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಆ ಗುರುತನ್ನು ಬೆರಳಿನಿಂದ ತೀಡುತ್ತ ಕಣ್ಣು ಮುಚ್ಚುತ್ತಿದ್ದರು. ಹೊಸಬರು ಅವರಿಗೆ ನಿದ್ದೆ ಬಂತೆಂದು ಮಾತು ನಿಲ್ಲಿಸಿಬಿಡುತ್ತಿದ್ದರು. "ಯಾಕ ನಿಂತಿ? ಹೇಳು, ಕೇಳಾಕತ್ತೇನಿ," ಎಂದು ಕಣ್ಣು ತೆರೆಯದೆಯೇ ಗದರುತ್ತಿದ್ದರು.

ನಮ್ಮ ಜಿಲ್ಲೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಸೈನ್ಸ್ ಕಲಿಸುತ್ತಿದ್ದರು. ಸಂಶೋಧನೆ ಎಂದರೆ ಪಿಎಚ್.ಡಿ. ಮಾಡುವವರ ಕೆಲಸ ಎಂದು ನಾವೆಲ್ಲ ತಿಳಿದಿದ್ದ ಕಾಲ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಸೀನಿಯರ್‌ಗಳು ಮಾಡಿದ್ದನ್ನೇ ಅಷ್ಟಿಷ್ಟು ಬದಲಿಸಿ ಒಪ್ಪಿಸುವುದು. ಅಂಥದ್ದರಲ್ಲಿ ಒಂದು ದಿನ ಮೇಡಂ ಮೂರನೇ ವರ್ಷದ ನಮ್ಮ ತರಗತಿಗೆ ಬಂದು, ಮಾತು ಕೇಳಿ ಉತ್ತರ ಕೊಡುವ ಫೋನ್ ವ್ಯವಸ್ಥೆ ತಯಾರಿಸುವ ಕಂಪನಿಯೊಂದು ಇಬ್ಬರು ವಿದ್ಯಾರ್ಥಿಗಳ ಸಂಶೋಧನೆಗೆ ನೆರವು ಕೊಡಲಿದೆ ಎಂದರು. ಕಂಪನಿ ಹೇಗೆ ಒಪ್ಪಿತೆಂಬುದು ಆಮೇಲೆ ತಿಳಿಯಿತು. ಯಾವುದೋ ಸಮ್ಮೇಳನದಲ್ಲಿ ಆ ಕಂಪನಿಯವರ ಎದುರಿಗೇ ಸಿಂದಗಿಯಲ್ಲಿದ್ದ ತಮ್ಮ ತಾಯಿಗೆ ಫೋನ್ ಹಚ್ಚಿ, "ಈಕಿ ಮಾತು ನಿಮ್ಮ ಮಷೀನಿಗೆ ಯಾಕ ತಿಳಿಯೂದಿಲ್ಲ, ಹೇಳ್ರಿ ನೋಡೂಣು," ಎಂದು ಕೇಳಿದ್ದರಂತೆ.

ಅಂಕಗಳನ್ನು ನೋಡಿ ಆರಿಸುತ್ತಾರೆಂದು ನಾವು ಕಾಯುತ್ತಿದ್ದರೆ, ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮನ್ಯಾಗ ಯಾರ ಮಾತು ಫೋನಿಗೆ ತಿಳಿಯೂದಿಲ್ಲ?"

"ನಮ್ಮ ಆಯಿದ್ರಿ," ಎಂದೆ ನಾನು. ಗೊಳಸಂಗಿಯ ನನ್ನ ಅಜ್ಜಿ "ಮಳಿ ಯಾವಾಗ" ಎಂದು ಕೇಳಿದರೆ ಫೋನು ಮಳಿಗೆಗಳ ಪಟ್ಟಿ ತೋರಿಸುತ್ತಿತ್ತು. ತರಗತಿ ನಕ್ಕಿತು.

"ಯಾಕ ಹಂಗ ಮಾಡ್ತೈತಿ?"

"ಗೊತ್ತಿಲ್ರಿ."

"ಗೊತ್ತಿಲ್ಲಂದ್ರ ಬಾ. ಗೊತ್ತಿದ್ದೋರಿಗೆ ಇದರಾಗ ಕೆಲಸ ಇಲ್ಲ."

ಹೀಗೆ ನಾನೊಬ್ಬಳು, ತಂಗಡಗಿಯ ಶರಣು ಒಬ್ಬ, ಸಂಶೋಧಕರಾದೆವು.

ಕಂಪನಿ ಒಂದಷ್ಟು ವಾಕ್ಯಗಳನ್ನು ಕಳಿಸಿತ್ತು. ಅವನ್ನು ಜನರಿಂದ ಓದಿಸಿ ದನಿ ಹಿಡಿದಿಡಬೇಕು, ಯಂತ್ರಕ್ಕೆ ಎಷ್ಟು ತಿಳಿಯುತ್ತದೆ ನೋಡಬೇಕು. ನಾವಿಬ್ಬರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆ ಬಸ್ಸಿನಲ್ಲಿ ಸುತ್ತಿದೆವು. ಅಂಗಡಿಯವರು, ಕಾಲೇಜು ಹುಡುಗಿಯರು, ಕಂಡಕ್ಟರು, ಯಾರು ಸಿಕ್ಕರೂ ಬಿಡಲಿಲ್ಲ. ಫಲಿತಾಂಶ ನೋಡಿ ಕುಣಿಯುವಂತಾಯಿತು. ಯಂತ್ರ ಬಹುತೇಕ ಎಲ್ಲವನ್ನೂ ಸರಿಯಾಗಿ ಬರೆದಿತ್ತು. ಕಂಪನಿಯವರೂ ಹೊಗಳಿದರು.

ಮೇಡಂ ಮಾತ್ರ ದನಿಗಳನ್ನು ಒಂದೊಂದಾಗಿ ಹಚ್ಚಿಸಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಇವರು ಯಾರ ಜೋಡಿ ಮಾತಾಡಾಕತ್ತಾರ?" ಎಂದರು.

"ಫೋನ್ ಜೋಡಿರಿ," ಎಂದ ಶರಣು.

"ಅಲ್ಲೋ ತಮ್ಮಾ, ಇದು ಸಾಲ್ಯಾಗ ಎದ್ದು ನಿಂತು ಪಾಠ ಓದಿದಂಗ ಐತಿ. ಮನ್ಯಾಗ ಯಾರರೆ ಹಿಂಗ ಮಾತಾಡ್ತಾರೇನು? ಮತ್ತ ಈಕಿ ಆಯಿ ಎಲ್ಲಿ ಅದಾಳ ಇದರಾಗ? ಆಕಿಗೆ ಓದಾಕ ಬರೂದಿಲ್ಲಲ್ಲ."

ಯಾರ ಮಾತು ಯಂತ್ರಕ್ಕೆ ತಿಳಿಯದೆಂದು ಈ ಕೆಲಸ ಶುರುವಾಗಿತ್ತೋ ಅವರೇ ಅದರಲ್ಲಿ ಇರಲಿಲ್ಲ. ಕಂಪನಿಗೆ ಕೆಲಸ ತೋರಿಸುವ ದಿನ ಹತ್ತಿರ ಬರುತ್ತಿತ್ತು. ಆದರೂ ಮೇಡಂ ಅಷ್ಟನ್ನೂ ಬದಿಗಿಟ್ಟು ಮರುದಿನವೇ ನಮ್ಮನ್ನು ಇಂಡಿಯ ಹತ್ತಿರದ ಒಂದು ನಿಂಬೆ ತೋಟಕ್ಕೆ ಕರೆದೊಯ್ದರು.

ಅಲ್ಲಿ ಕಾಯಿ ಆರಿಸುತ್ತಿದ್ದ ಹೆಂಗಸೊಬ್ಬರಿಗೆ ನಾವು ಬಂದ ಕಾರಣ ಹೇಳಿ, ದನಿ ಹಿಡಿದಿಟ್ಟುಕೊಳ್ಳಲು ಒಪ್ಪಿಗೆ ಪಡೆದು, ಫೋನನ್ನು ಬುಟ್ಟಿಯ ಪಕ್ಕ ಇಟ್ಟು ಮೇಡಂ ನೆಲಕ್ಕೇ ಕೂತರು. ಆ ಹೆಂಗಸು ಫೋನಿನತ್ತ ಬಾಗಿ ದನಿ ಬಿಗಿ ಮಾಡಿಕೊಂಡಾಗ, "ಅದಕ್ಕ ಏನೂ ಹೇಳಬ್ಯಾಡ್ರಿ ಅಕ್ಕಾರ, ನನಗ ಹೇಳ್ರಿ. ಈ ವರ್ಷ ಹೂವು ನಿಂತಾವೇನು?" ಎಂದರು.

"ಎಲ್ಲಿ ನಿಂತಾವ ತಗೋರಿ! ಬಂದಂಗ ಬಂದು ಉದುರಿ ಹ್ವಾದ್ವು. ಹ್ವಾದ ವರ್ಷ ನೋಡಬೇಕಿತ್ರಿ ನೀವು, ಟೊಂಗಿ ನೆಲಕ್ಕ ಹತ್ತಿದ್ವು." ಮಾತು ಹರಿಯಿತು. ನಿಂಬೆಯಿಂದ ಮಗಳ ಮನೆಗೆ, ಅಲ್ಲಿಂದ ಮೊಣಕಾಲು ನೋವಿಗೆ. ಮುಗಿದ ಮೇಲೆ ಮೇಡಂ ಅದನ್ನು ಅವರಿಗೇ ಕೇಳಿಸಿದರು. ತನ್ನ ದನಿಯನ್ನು ಆ ಹೆಂಗಸು ಹೊರಗಿನಿಂದ ಎಂದೂ ಕೇಳಿರಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದುಕೊಂಡು, "ಇದು ನಮ್ಮವ್ವನ ದನಿರಿ," ಎಂದರು. ತಾಯಿ ತೀರಿಕೊಂಡು ವರ್ಷಗಳಾಗಿದ್ದವಂತೆ. "ಇನ್ನೊಮ್ಮೆ ಹಚ್ರಿ." ಹಚ್ಚಿದೆವು. ಆ ಸಂಜೆ ನಾವು ಬೇರೆ ಯಾರ ದನಿಯನ್ನೂ ಹಿಡಿಯಲಿಲ್ಲ. ಅವರು ಸಾಕೆನ್ನುವವರೆಗೂ ಅದನ್ನೇ ಕೇಳಿಸುತ್ತ ಕೂತೆವು.

ಮುಂದಿನ ದಿನಗಳಲ್ಲಿ ಹೀಗೆಯೇ ಮಾತಾಡಿಸಿ ಹಿಡಿದ ಹೊಸ ದನಿಗಳೆದುರು ಯಂತ್ರ ಮಕಾಡೆ ಬಿತ್ತು. ಅರ್ಧಕ್ಕರ್ಧ ತಪ್ಪು. ಇದು ತಿಳಿದು ಕಂಪನಿಯ ಹಿರಿಯ ಸಂಶೋಧಕರೊಬ್ಬರು ಕಾಲೇಜಿಗೇ ಬಂದರು. ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವವರು. "ಮೇಡಂ, ಮೊದಲಿನ ಫಲಿತಾಂಶ ಚೆನ್ನಾಗಿತ್ತಲ್ವಾ? ಅದನ್ನೇ ತೋರಿಸಿಬಿಡೋಣ. ಮುಂದಿನ ವರ್ಷವೂ ನೆರವು ಸಿಗೋದು ಸುಲಭವಾಗುತ್ತೆ," ಎಂದರು.

ಶರಣು ನನ್ನ ಮುಖ ನೋಡಿದ. ನಮ್ಮ ಹೆಸರಿನಲ್ಲಿ ಒಂದು ಪ್ರಬಂಧ, ಮುಂದೆ ಓದುವ ದಾರಿ, ಕಿರಿಯರಿಗೂ ಇಂಥದ್ದೇ ಅವಕಾಶ, ಎಲ್ಲವೂ ಆ ಮಾತಿಗೆ ನೇತುಬಿದ್ದಿತ್ತು.

"ಸರ್, ನಿಮಗ ಚಂದ ಕಾಣೂದು ಬೇಕೋ, ಯಾಕ ತಿಳೀವಲ್ದು ಅನ್ನೂದು ಬೇಕೋ?" ಎಂದು ಮೇಡಂ ನನ್ನ ಕಡೆ ತಿರುಗಿದರು. "ಹಚ್ಚವ್ವಾ ಅದನ್ನ."

ನಾನು ನಿಂಬೆ ತೋಟದ ದನಿ ಹಚ್ಚಿದೆ. ಮೈಸೂರಿನವರು ಕೇಳಿದರು. ಮತ್ತೊಮ್ಮೆ ಹಚ್ಚಲು ಹೇಳಿದರು. ಸ್ವಲ್ಪ ನಾಚಿಕೊಂಡೇ, "ಏನಂದ್ರು ಅವರು?" ಎಂದು ಶರಣುವನ್ನು ಕೇಳಿದರು. ಅವನು ಬಿಡಿಸಿ ಹೇಳಿದ. ಅವರಿಗೆ ನಗು ಬಂತು, ಆಮೇಲೆ ಕುರ್ಚಿ ಎಳೆದುಕೊಂಡು ನಮ್ಮ ಪಕ್ಕವೇ ಕೂತರು. ಸಂಜೆಯವರೆಗೂ ನಾಲ್ವರೂ ತಪ್ಪುಗಳನ್ನು ಬಿಚ್ಚಿ ಬಿಚ್ಚಿ ನೋಡಿದೆವು. ನಮ್ಮ ಕಡೆಯ ಪದಗಳಿಂದಲೇ ತೊಡಕು ಎಂದು ನಾವು ನಂಬಿದ್ದೆವು. ಹಾಗಿರಲಿಲ್ಲ. ಪದಗಳ ತುದಿಗಳು ಒಂದಕ್ಕೊಂದು ಕೂಡಿಕೊಂಡು ಓಡುವ ಕಡೆಯಲ್ಲೇ ಯಂತ್ರ ಎಡವುತ್ತಿತ್ತು. ಅದನ್ನು ಕಂಡ ಗಳಿಗೆಯಲ್ಲಿ ಮೇಡಂ ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದರು.

ಮುಂದಿನ ವರ್ಷ ನೆರವು ಬರಲಿಲ್ಲ. ಕಂಪನಿಯ ಆಸಕ್ತಿ ಬೇರೆ ಕಡೆ ಹೊರಳಿತ್ತು. ಆದರೆ ಆ ತಪ್ಪುಗಳ ಬಗ್ಗೆ ನಾವು ಬರೆದ ಪ್ರಬಂಧ ಒಪ್ಪಿತವಾಯಿತು. ಮೈಸೂರಿನ ಆ ಸಂಶೋಧಕರು ತಾವಾಗಿಯೇ ಮತ್ತೊಂದು ಕಂಪನಿಯವರಿಗೆ ಮೇಡಂ ಪರಿಚಯ ಮಾಡಿಸಿದರು. ಕಿರಿಯರ ಪಾಲಿಗೆ ಬಾಗಿಲು ಹಾಗೆ ತೆರೆದೇ ಉಳಿಯಿತು. ಶರಣು ಧಾರವಾಡದಲ್ಲಿ ಪಿಎಚ್.ಡಿ.ಗೆ ಸೇರಿದ. ನಾನು ಈಗ ವಿಜಯಪುರದಲ್ಲಿ ಪಾಠ ಮಾಡುತ್ತೇನೆ.

ಹೋದ ಮಳೆಗಾಲದಲ್ಲಿ ಬಸವನ ಬಾಗೇವಾಡಿಯ ಅವರ ಮನೆಗೆ ಹೋದಾಗ ಮೇಡಂ ದಿಂಬಿಗೆ ಒರಗಿದ್ದರು. ಹೃದಯ ದುರ್ಬಲವಾಗಿತ್ತು, ಎರಡು ಮಾತಾಡಿದರೆ ದಣಿವು. ಪಕ್ಕದಲ್ಲಿ ಮೊಮ್ಮಗಳು ಫೋನಿಗೆ ಏನೋ ಕೇಳುತ್ತಿದ್ದಳು. ಒಂದೊಂದೇ ಪದ, ಬಿಡಿಸಿ ಬಿಡಿಸಿ, ಪುಸ್ತಕದ ಹಾಗೆ.

"ನೋಡು ಈಕಿನ್ನ," ಎಂದರು ಮೇಡಂ. "ಅದಕ್ಕೊಂದು ಮಾತು, ನನಗೊಂದು ಮಾತು. ದಿನಾ ಹಿಂಗ ಮಾತಾಡಿದ್ರ, ನಾಳೆ ಮಂದಿ ಜೋಡಿನೂ ಹಂಗ ಮಾತಾಡ್ತಾರೇನು?"

"ಇಲ್ಲ ಬಿಡ್ರಿ. ಮಕ್ಕಳಿಗೆ ಎರಡೂ ಬೇರೆ ಅಂತ ಗೊತ್ತಿರ್ತೈತ್ರಿ," ಎಂದೆ.

"ನನಗ ಹಂಗ ಅನಸೂದಿಲ್ಲ." ಉಸಿರು ತೆಗೆದುಕೊಂಡು ನಕ್ಕರು. "ಯಾರರೆ ಹುಡುಗೂರನ್ನ ಹಚ್ಚು ಇದಕ್ಕ. ಯಾರು ಸೋಲ್ತಾರ ನೋಡೂಣು."

ಹಚ್ಚಿದೆ. ಕಂಪನಿಯೊಂದರ ನೆರವೂ ದೊರಕಿತು. ಮೂರನೇ ವರ್ಷದ ಇಬ್ಬರು ಹುಡುಗಿಯರು ಮನಗೂಳಿಯ ಮನೆಗಳಲ್ಲಿ ಮಕ್ಕಳ ಮಾತು ಕೇಳಲು ಶುರುಮಾಡಿದ ವಾರವೇ ಮೇಡಂ ತೀರಿಕೊಂಡರು.

ಮೊದಲ ಫಲಿತಾಂಶ ಈಗ ಬಂದಿದೆ. ಇನ್ನೂ ನೋಡುವುದು ಬಹಳವಿದೆ, ಆದರೆ ಅದು ಅವರ ಕಡೆಗೇ ವಾಲುತ್ತಿದೆ: ಮಕ್ಕಳು ಮನೆಯವರ ಜೊತೆಗೂ ಫೋನಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಮಾತಾಡತೊಡಗಿದ್ದಾರೆ. ಸೋಲುತ್ತಿರುವವಳು ನಾನು. ಇದನ್ನು ಅವರಿಗೆ ಹೇಳಿದ್ದರೆ ಎಷ್ಟು ಖುಷಿಪಡುತ್ತಿದ್ದರು, ಮತ್ತು ತಕ್ಷಣ ಇನ್ನೇನು ಕೇಳುತ್ತಿದ್ದರು ಎಂದು ಯೋಚಿಸುತ್ತೇನೆ.